ಲಾ ಬೋರ್ನ್‌ನ ಹಳೇ ತಟ್ಟೆಗಳು: ಫೋರ್ಕಿಗೆ ಬೇಡ, ಕೈತುತ್ತಿಗೆ ಸೈ

ಫೋರ್ಕು ತಾಗಿದರೆ ಮೈ ಜುಮ್ಮೆನ್ನುವಂತೆ ಕಿರ್ರೆನ್ನುತ್ತದೆ. ಫ್ರಾನ್ಸಿನ ಲಾ ಬೋರ್ನ್ ಊರಿನ ಈ ಕೈಯಾರೆ ಮಾಡಿದ ಸ್ಟೋನ್‌ವೇರ್ (ಹೆಚ್ಚು ಶಾಖದಲ್ಲಿ ಸುಟ್ಟ ಗಟ್ಟಿ ಮಣ್ಣಿನ) ತಟ್ಟೆಗಳ ಮೇಲೆ ನನ್ನ ದೊಡ್ಡ ದೂರು ಇದೇ. ಗ್ಲೇಜಿಗೆ, ಅಂದರೆ ಮೇಲಿನ ಗಾಜಿನಂಥ ಲೇಪಕ್ಕೆ, ಹೊಳಪಿಲ್ಲ, ಮುಟ್ಟಿದರೆ ತುಸು ತರಿತರಿ. ಸ್ಟೀಲ್ ಚಮಚ ಎಳೆದಲ್ಲೆಲ್ಲ ಪೆನ್ಸಿಲ್ ಗೀಚಿದ ಹಾಗೆ ಬೂದುಗೆರೆ. ಅದು ಗೀರಲ್ಲ, ಚಮಚದಿಂದ ಸವೆದ ಲೋಹ. ಅಡುಗೆ ಸೋಡಾ ಕಲಸಿ ತಿಕ್ಕಿದರೆ ಹೋಗುತ್ತದೆ. ಆದರೆ ಮತ್ತೆ ಮತ್ತೆ ತಿಕ್ಕುತ್ತಾ ಕೂರುವುದು ಯಾರು? ಫ್ರೆಂಚ್ ಗೆಳೆಯರು ಪಾಸ್ತಾ ತಿನ್ನಲು ಬಂದರೆ ಪಿಂಗಾಣಿಯನ್ನೇ ಇಡುತ್ತೇನೆ.

ಅದೇ ತಟ್ಟೆಯಲ್ಲಿ ಅನ್ನ-ಸಾರು ಕಲಸಿ ನೋಡಿ. ಸದ್ದೂ ಇಲ್ಲ, ಗೆರೆಯೂ ಇಲ್ಲ. ಆ ತರಿಯೇ ಅನುಕೂಲ, ಕೊನೆಯ ತುತ್ತು ಜಾರದೆ ಬೆರಳಿಗೆ ಸಿಗುತ್ತದೆ. ಚಳಿಗಾಲದಲ್ಲಿ ಅನ್ನ ಇಳಿಸುವ ಮೊದಲು ತಟ್ಟೆಗೆ ಬಿಸಿನೀರು ಹುಯ್ದು ಸ್ವಲ್ಪ ಹೊತ್ತು ಬಿಡುತ್ತೇನೆ. ಆಮೇಲೆ ಒರೆಸಿ ಅನ್ನ, ತಿಳಿಸಾರು, ತುಪ್ಪ. ತಟ್ಟೆ ದಪ್ಪ, ಬಿಸಿ ಬಿಟ್ಟುಕೊಡುವುದಿಲ್ಲ. ಊಟ ಮುಗಿಯುವವರೆಗೂ ತುಪ್ಪ ಹೆಪ್ಪುಗಟ್ಟುವುದಿಲ್ಲ. ನಮ್ಮ ಮನೆಯ ಸ್ಟೀಲ್ ತಟ್ಟೆಗಳು ಈಗ ಮೇಲಿನ ಶೆಲ್ಫ್ ಸೇರಿವೆ.

ಲಾ ಬೋರ್ನ್ ಇರುವುದು ಮಧ್ಯ ಫ್ರಾನ್ಸಿನ ಬೂರ್ಜ್ ಪಟ್ಟಣದ ಈಶಾನ್ಯಕ್ಕೆ. ಹಳೇ ಕಾಲದಿಂದ ಕುಂಬಾರರ ಊರು. 1940ರ ದಶಕದಲ್ಲಿ ಜಾಂ ಮತ್ತು ಜಾಕ್ಲೀನ್ ಲೆರಾ, ವಾಸಿಲ್ ಇವಾನಾಫ್ ಎಂಬ ಮಣ್ಣಿನ ಕಲಾವಿದರು ಬಂದು ನೆಲೆಸಿದ ಮೇಲೆ ಕಲಾವಿದರ ಊರೂ ಆಯಿತು. ಸೌದೆ ಗೂಡಿನಲ್ಲಿ 1,280 ಡಿಗ್ರಿ ಆಸುಪಾಸು ಸುಡುವುದರಿಂದ ಮಣ್ಣು ಕಲ್ಲಿನಷ್ಟು ಗಟ್ಟಿಯಾಗುತ್ತದೆ. ಅರಿಶಿನದ ಕಲೆ ನಿಂತಿಲ್ಲ. ನನ್ನ ಒಂದು ತಟ್ಟೆಯಲ್ಲಿ ಜ್ವಾಲೆ ತಾಗಿದ ಬದಿ ಇಟ್ಟಿಗೆಗೆಂಪು, ಆಚೆ ಬದಿ ಬೂದಿ ಬಣ್ಣ. ತಳದ ಹತ್ತಿರ, ಗ್ಲೇಜಿಗೆ ಅದ್ದುವಾಗ ಹಿಡಿದ ಮೂರು ಬೆರಳಿನ ಗುರುತು ಹಾಗೇ ಉಳಿದಿದೆ. ನನ್ನ ಬೆರಳು ಅದರಾಚೆ ಚಾಚುತ್ತವೆ. ಮಾಡಿದವರದ್ದು ಪುಟ್ಟ ಕೈ. ತೊಳೆಯುವಾಗೆಲ್ಲ ಕೈ ಅಲ್ಲಿಗೇ ಹೋಗುತ್ತದೆ.

ಹೆಸರಾಂತ ಕಲಾವಿದರ ಮುದ್ರೆಯಿದ್ದರೆ ಬೆಲೆ ನನ್ನಂಥವರಿಗೆ ಎಟಕುವುದಿಲ್ಲ. ನನ್ನವು ಹಳೇ ಸಾಮಾನಿನ ಸಂತೆಯಲ್ಲಿ ಸಿಕ್ಕ ಮುದ್ರೆಯಿಲ್ಲದವು, ತಟ್ಟೆಗೆ 8 ಯೂರೋ. ಕೊಳ್ಳುವ ಮುಂಚೆ ಬೆರಳ ಗೆಣ್ಣಿನಿಂದ ತಟ್ಟಿ: ಠಣ್ ಎನ್ನಬೇಕು. ಮಂದ ಸದ್ದು ಬಂದರೆ ಎಲ್ಲೋ ಬಿರುಕಿದೆ. ಅದೇ ಸಂತೆಯಲ್ಲಿ ಕಡಿಮೆ ಶಾಖದಲ್ಲಿ ಸುಟ್ಟ ಹಳೇ ಮಣ್ಣಿನ ಪಾತ್ರೆಗಳೂ ಇರುತ್ತವೆ, ಅವುಗಳ ಗ್ಲೇಜಿನಲ್ಲಿ ಸೀಸ ಇರಬಹುದು. ಅವಕ್ಕೆ ಹುಣಸೆಹಣ್ಣಿನ ಸಾರು ಹಾಕಲೇಬೇಡಿ. ಇನ್ನು ಲಾ ಬೋರ್ನ್ ತಟ್ಟೆಗಳ ತಳದ ಉಂಗುರಕ್ಕೆ ಗ್ಲೇಜಿಲ್ಲ, ಮರದ ಮೇಜು ಗೀರುತ್ತದೆ. ಬಟ್ಟೆ ಹಾಸಿ.

ಮುಂದಿನ ಸಂತೆಯಲ್ಲಿ ಅಲ್ಸಾಸ್ ಸೀಮೆಯ ಬೆಟ್ಷ್‌ಡಾರ್ಫ್‌ನ ಬೂದು-ನೀಲಿ ಜಾಡಿ ಹುಡುಕಬೇಕು, ನಿಂಬೆಕಾಯಿ ಉಪ್ಪಿನಕಾಯಿಗೆ.