ಮ್ಯಾಸ್‌ಸ್ಟಿಕ್: ಬಟರ್‌ಫ್ಲೈ ಮೀನಿನ ಹಸಿವು ಅರಿತು ಮಾಡಿದ ಆಹಾರ

ಉಪ್ಪುನೀರಿನ ಟ್ಯಾಂಕ್‌ನಲ್ಲಿ ಬಟರ್‌ಫ್ಲೈ ಮೀನು ಬಾಳುವುದಿಲ್ಲ ಅನ್ನೋ ಮಾತನ್ನು ಈ ಹವ್ಯಾಸ ಇರುವವರೆಲ್ಲ ಕೇಳಿರುತ್ತೀರಿ. ಪೂರ್ತಿ ಸುಳ್ಳೇನಲ್ಲ. ನೀರು ಚೊಕ್ಕವಾಗಿರುತ್ತದೆ, ಮೈಮೇಲೆ ರೋಗದ ಗುರುತಿಲ್ಲ, ದಿನಾ ಆಹಾರವೂ ಬೀಳುತ್ತದೆ, ಆದರೂ ಮೀನು ಸೊರಗುತ್ತಾ ಹೋಗಿ ಒಂದು ದಿನ ಸತ್ತಿರುತ್ತದೆ. ಇಂಥ ಸಾವಿಗೆ ಬಹಳ ಸಲ ಕಾರಣ ಹಸಿವು. ಟ್ಯಾಂಕ್‌ಗೆ ಆಹಾರ ಹಾಕುವುದೇ ಬೇರೆ, ಆ ಮೀನಿನ ಹೊಟ್ಟೆಗೆ ಅದು ಸೇರುವುದೇ ಬೇರೆ.

ಈಜಿ ರೀಫ್ಸ್ ಕಂಪನಿಯ ಮ್ಯಾಸ್‌ಸ್ಟಿಕ್ ನನಗೆ ಇಷ್ಟವಾಗಿರುವುದು ಈ ಕಾರಣಕ್ಕೇ. ಇದು ಪುಡಿ ರೂಪದ ಆಹಾರ. ಸ್ವಲ್ಪ ನೀರು ಹಾಕಿ ನಾದಿದರೆ ಮೆತ್ತಗೆ ಅಂಟು ಅಂಟಾದ ಮುದ್ದೆಯಾಗುತ್ತದೆ. ಅದನ್ನು ನೀರಿನೊಳಗೆ ಗಾಜಿಗೋ ಕಲ್ಲಿಗೋ ಒತ್ತಿ ಅಂಟಿಸಬಹುದು. ಅಲ್ಲೇ ಕಚ್ಚಿಕೊಂಡು ಕೂರುತ್ತದೆ, ತೇಲಿ ಹೋಗುವುದಿಲ್ಲ. ಉದ್ದ ಮೂತಿಯ ಬಟರ್‌ಫ್ಲೈ ಜಾತಿಯಾದ ನನ್ನ ಕಾಪರ್‌ಬ್ಯಾಂಡ್‌ಗೆ ಇದನ್ನು ಬಹಳ ಕಾಲದಿಂದ ಕೊಡುತ್ತಿದ್ದೇನೆ.

ಅಂಟುವುದರಲ್ಲಿ ಅಂಥದ್ದೇನಿದೆ ಅಂತ ಕೇಳಬಹುದು. ಕಾಪರ್‌ಬ್ಯಾಂಡ್ ತಿನ್ನುವುದನ್ನು ಹತ್ತಿರ ಕೂತು ನೋಡಿ. ಕಲ್ಲಿನ ಒಂದು ಬಿರುಕಿನ ಮುಂದೆ ನಿಲ್ಲುತ್ತದೆ. ಮೊದಲು ಒಂದು ಕಣ್ಣಿನಿಂದ ನೋಡಿ, ಆಮೇಲೆ ಮೈ ಸ್ವಲ್ಪ ಓರೆ ಮಾಡಿ ಇನ್ನೊಂದು ಕಣ್ಣಿನಿಂದ ನೋಡುತ್ತದೆ. ಒಂದಿಷ್ಟು ಹಿಂದೆ ಸರಿದು, ಮತ್ತೆ ಬಂದು, ಆಮೇಲೆ ಆ ಉದ್ದ ಮೂತಿಯನ್ನು ಒಳಗೆ ತೂರಿಸಿ ಒಂದೇ ಒಂದು ಸಲ ಕುಕ್ಕುತ್ತದೆ. ಇಷ್ಟು ಹೊತ್ತಿಗೆ ಟ್ಯಾಂಗ್ ಮತ್ತು ಕ್ಲೌನ್ ಮೀನುಗಳು ನೀರಿನಲ್ಲಿ ತೇಲುತ್ತಿದ್ದ ಮೈಸಿಸ್ ಸೀಗಡಿಯನ್ನೆಲ್ಲ ಮುಗಿಸಿಬಿಟ್ಟಿರುತ್ತವೆ! ಬಂಡೆಯಲ್ಲಿ ಬೆಳೆದ ಹುಳ, ಹವಳದ ಪಾಲಿಪ್, ಇಂಥದ್ದನ್ನು ಇಡೀ ದಿನ ಹೆಕ್ಕಿ ತಿನ್ನುವುದಕ್ಕೆ ಹೊಂದಿದ ಬಾಯಿ ಅದು. ತೇಲುವ ಆಹಾರಕ್ಕೆ ಪೈಪೋಟಿ ಮಾಡು ಅಂದರೆ ಹೇಗೆ ಮಾಡೀತು? ಮ್ಯಾಸ್‌ಸ್ಟಿಕ್ ಮುದ್ದೆ ಒಂದೇ ಜಾಗದಲ್ಲಿ ಇರುವುದರಿಂದ ಅದು ತನ್ನ ಪಾಡಿಗೆ ನೋಡಿ, ಯೋಚಿಸಿ, ಕುಕ್ಕಿ, ಹೋಗಿ, ಮತ್ತೆ ಬಂದು ಕುಕ್ಕಬಹುದು.

ಕಲಸುವಾಗ ಹದ ಮುಖ್ಯ. ನೀರು ಜಾಸ್ತಿಯಾದರೆ ಟ್ಯಾಂಕ್‌ಗೆ ಇಳಿಸಿದ ಕೂಡಲೇ ಕರಗಿ ನೀರು ಮಬ್ಬಾಗುತ್ತದೆ. ಕಮ್ಮಿಯಾದರೆ ಗಟ್ಟಿಯಾಗಿ, ಸಣ್ಣ ಬಾಯಿಯ ಮೀನಿಗೆ ಕೀಳುವುದಕ್ಕೆ ಆಗುವುದಿಲ್ಲ. ಹನಿ ಹನಿಯಾಗಿ ನೀರು ಹಾಕಿ, ಬೆರಳಿಗೆ ಮೆತ್ತಿಕೊಳ್ಳುವಷ್ಟು ಮೃದುವಾದರೆ ಸಾಕು. ನಾನು ಗಾಜಿಗಿಂತ ಸಣ್ಣ ಸಣ್ಣ ತೂತಿರುವ ಕಲ್ಲಿಗೆ ಒತ್ತುವುದನ್ನೇ ಇಷ್ಟಪಡುತ್ತೇನೆ. ಅಗಲ ಬಾಯಿಯ ಮೀನುಗಳು ಮೇಲ್ಮೈಯದನ್ನು ಕಿತ್ತು ತಿಂದರೂ ತೂತಿನೊಳಗೆ ಉಳಿದದ್ದು ಉದ್ದ ಮೂತಿಯವನಿಗೇ ಸಿಗುತ್ತದೆ. ಇನ್ನೊಂದು ಮಾತು, ಕಪ್ಪೆಚಿಪ್ಪಿನ ಮಾಂಸ ಅದಕ್ಕೆ ಮೊದಲೇ ಇಷ್ಟವಿದ್ದರೆ, ಅದನ್ನು ನುಣ್ಣಗೆ ಕೊಚ್ಚಿ ಈ ಮುದ್ದೆಯಲ್ಲಿ ಸೇರಿಸಿ. ಗೊತ್ತಿರುವ ರುಚಿ ಸಿಕ್ಕಿದರೆ ಹೊಸದಕ್ಕೂ ಬಾಯಿ ಹಾಕುತ್ತದೆ.

ತಕರಾರುಗಳೂ ಇವೆ. ಟ್ಯಾಂಗ್‌ಗಳಿಗೆ ಇದು ಪ್ರಾಣ. ಒಂದೇ ಕಡೆ ಅಂಟಿಸಿದರೆ ಅವು ಸುತ್ತ ಮುತ್ತಿಕೊಂಡು ಬಟರ್‌ಫ್ಲೈಯನ್ನು ಹತ್ತಿರಕ್ಕೂ ಬಿಡುವುದಿಲ್ಲ. ಅದಕ್ಕೇ ಎರಡು ಮೂರು ಕಡೆ ಅಂಟಿಸಬೇಕು, ಟ್ಯಾಂಗ್‌ಗೆ ಇನ್ನೊಂದು ಮೂಲೆಯಲ್ಲಿ ಪಾಚಿ ಹಾಳೆ ಕಟ್ಟಬೇಕು. ಉಳಿದ ಮುದ್ದೆಯನ್ನು ಹಾಗೇ ಬಿಟ್ಟರೆ ಕೊಳೆತು ನೈಟ್ರೇಟ್, ಫಾಸ್ಫೇಟ್ ಏರುತ್ತವೆ, ಆದ್ದರಿಂದ ಮೀನುಗಳು ತಿಂದಾದ ಮೇಲೆ ತೆಗೆದುಬಿಡಿ. ಒಳ್ಳೆ ಪ್ರೋಟೀನ್ ಸ್ಕಿಮ್ಮರ್ (ನೀರಿನ ಕಶ್ಮಲವನ್ನು ನೊರೆಯಾಗಿ ಹೊರತೆಗೆಯುವ ಸಾಧನ) ಇಲ್ಲದ ಟ್ಯಾಂಕ್‌ನಲ್ಲಿ ದಿನಕ್ಕೆ ಮೂರ್ನಾಲ್ಕು ಸಲ ಇದನ್ನು ಹಾಕಲು ಹೋಗಬೇಡಿ. ಆದರೆ ಬಟರ್‌ಫ್ಲೈಗೆ ದಿನಕ್ಕೆ ಮೂರ್ನಾಲ್ಕು ಸಲ ಆಹಾರ ಬೇಕೇ ಬೇಕು, ಹಾಗಾಗಿ ಮೊದಲು ಸ್ಕಿಮ್ಮರ್, ಆಮೇಲೆ ಮೀನು.

ಇದು ಎಲ್ಲ ಬಟರ್‌ಫ್ಲೈಗೂ ಮದ್ದು ಅಂತ ದಯವಿಟ್ಟು ತಿಳಿಯಬೇಡಿ. ಈ ಕುಟುಂಬದಲ್ಲಿ ಸುಮಾರು 130 ಜಾತಿಗಳಿವೆ, ಅವುಗಳಲ್ಲಿ ಕೆಲವು ಹೆಚ್ಚುಕಮ್ಮಿ ಬರೀ ಹವಳ ತಿಂದು ಬದುಕುವಂಥವು. ಕೀಟೊಡಾನ್ ಟ್ರೈಫ್ಯಾಸಿಯಾಲಿಸ್, ಆರ್ನಟಿಸಿಮಸ್, ಮೇಯರಿ, ಇವನ್ನೆಲ್ಲ ಸಮುದ್ರದಲ್ಲೇ ಇರಲು ಬಿಡಿ. ಬಣ್ಣ ಎಷ್ಟೇ ಚೆನ್ನಾಗಿರಲಿ, ಮನೆಯ ಟ್ಯಾಂಕ್‌ಗೆ ತರುವುದು ಅವುಗಳಿಗೆ ಮಾಡುವ ಅನ್ಯಾಯ. ಆರಿಗಾ, ಕ್ಲೈನಿ, ಹಳದಿ ಲಾಂಗ್‌ನೋಸ್, ಇವು ಸ್ವಲ್ಪ ಸುಲಭ. ಕಾಪರ್‌ಬ್ಯಾಂಡ್ ಇವೆರಡರ ನಡುವಿನದು. ತಿನ್ನುವುದಕ್ಕೆ ಶುರು ಮಾಡಿದರೆ ವರ್ಷಗಟ್ಟಲೆ ಇರುತ್ತದೆ, ಮಾಡದೇ ಇದ್ದರೆ ವಾರಗಳಲ್ಲಿ ಮುಗಿಯುತ್ತದೆ. ಬಹಳ ಜನ ಅದನ್ನು ತರುವುದು ಏಪ್ಟೇಸಿಯಾ, ಅಂದರೆ ಟ್ಯಾಂಕ್‌ನಲ್ಲಿ ಕಳೆಯಂತೆ ಹಬ್ಬುವ ಸಣ್ಣ ಅನಿಮೋನ್, ತಿನ್ನಲಿ ಅಂತ. ತಿನ್ನುತ್ತದೆ ನಿಜ, ಆದರೆ ಏಪ್ಟೇಸಿಯಾ ಖಾಲಿಯಾದ ಮೇಲೆ ಅದಕ್ಕೆ ಏನು ಗತಿ? ಆ ಹೊತ್ತಿಗೆ ಮ್ಯಾಸ್‌ಸ್ಟಿಕ್ ಥರದ ಒಂದು ಆಹಾರಕ್ಕೆ ಅದು ಒಗ್ಗಿರಬೇಕು.

ಹೊಸದಾಗಿ ಬಂದು ಏನನ್ನೂ ಮುಟ್ಟದ ಮೀನಿಗೆ ಮಾತ್ರ ಇದನ್ನೇ ಮೊದಲ ತುತ್ತಾಗಿ ನಂಬಿ ಕೂರಬೇಡಿ. ಜೀವಂತ ಬ್ಲ್ಯಾಕ್‌ವರ್ಮ್ ಹುಳ ಅಥವಾ ಬಾಯಿ ಬಿಡಿಸಿದ ಕಪ್ಪೆಚಿಪ್ಪು ಕೊಡಿ. ಅಲುಗಾಡುವ ಹುಳ ನೋಡಿದರೆ ಹಟ ಬಿಡುವ ಮೀನುಗಳು ಬಹಳ. ಒಂದು ಸಲ ಬಾಯಿ ಬಿಟ್ಟ ಮೇಲೆ ಮುದ್ದೆಗೆ ಅಭ್ಯಾಸ ಮಾಡಿಸುವುದು ಕಷ್ಟವಿಲ್ಲ, ಒಂದಿಷ್ಟು ತಾಳ್ಮೆ ಬೇಕು ಅಷ್ಟೇ. ಇದೆಲ್ಲ ಬೇರೆ ಮೀನುಗಳಿಲ್ಲದ ಕ್ವಾರಂಟೈನ್ ಟ್ಯಾಂಕ್‌ನಲ್ಲೇ ಆದರೆ ಒಳ್ಳೆಯದು, ಅಲ್ಲಿ ಕಿತ್ತುಕೊಳ್ಳುವವರು ಯಾರೂ ಇಲ್ಲವಲ್ಲ. ಬಟರ್‌ಫ್ಲೈಗಳಿಗೆ ಫ್ಲೂಕ್ ಎಂಬ ಪರಾವಲಂಬಿ ಹುಳದ ಕಾಟ ಜಾಸ್ತಿ, ಅದಕ್ಕೆ ಪ್ರಾಜಿಕ್ವಾಂಟೆಲ್ ಔಷಧಿ ಕೊಡುವುದಕ್ಕೂ ಅದೇ ಸರಿಯಾದ ಜಾಗ.

ತಿಂದದ್ದು ಮೈಗೆ ಹತ್ತುತ್ತಿದೆಯಾ ಅಂತ ನೋಡುವುದಕ್ಕೆ ಹೊಟ್ಟೆಯೊಂದನ್ನೇ ನೋಡಬೇಡಿ. ಮೀನು ನಿಮ್ಮ ಕಡೆ ನೇರ ಮುಖ ಮಾಡಿದಾಗ ಕಣ್ಣಿನ ಮೇಲಿನ ಭಾಗ, ಅದರ ಹಿಂದಿನ ಬೆನ್ನು ನೋಡಿ. ಎರಡೂ ಕಡೆ ತುಂಬಿಕೊಂಡಿದ್ದರೆ ಸರಿ. ಒಳಕ್ಕೆ ಎಳೆದುಕೊಂಡು ಬೆನ್ನು ಬ್ಲೇಡಿನಂತೆ ಚೂಪಾಗಿದ್ದರೆ, ಹೊಟ್ಟೆ ಆ ಕ್ಷಣಕ್ಕೆ ಉಬ್ಬಿದ್ದರೂ ಅದಕ್ಕೆ ಸಾಲುತ್ತಿಲ್ಲ ಅಂತ ಅರ್ಥ. ಚೆನ್ನಾಗಿ ತಿಂದೂ ಸೊರಗುತ್ತಿದ್ದರೆ ಹೊಟ್ಟೆಯಲ್ಲಿ ಹುಳ ಇರಬಹುದು, ಅದಕ್ಕೆ ಬೇರೆಯೇ ಔಷಧಿ ಬೇಕು, ಯಾವ ಆಹಾರವೂ ಅದನ್ನು ಸರಿಮಾಡುವುದಿಲ್ಲ.

ನನ್ನ ಮಟ್ಟಿಗೆ ಇದಕ್ಕೆ 5ರಲ್ಲಿ 4 ಅಂಕ. ಇದೊಂದನ್ನೇ ಕೊಡಬೇಡಿ, ಮೈಸಿಸ್ ಮತ್ತು ಚಿಪ್ಪಿನ ಮಾಂಸವೂ ಜೊತೆಗಿರಲಿ. ಡಬ್ಬಿ ತೆರೆದ ಮೇಲೆ ತೇವ ತಗಲದಂತೆ ಮುಚ್ಚಿಡಿ, ಒದ್ದೆ ಬೆರಳು ಒಳಗೆ ಹಾಕಲೇಬೇಡಿ. ಮೊದಲ ಸಲಕ್ಕೆ ಸಣ್ಣ ಪ್ಯಾಕ್ ಸಾಕು.