ಏಜೆಂಟ್ ಕೈಗೆ ಬೀಜಗಣಿತದ ಟೂಲ್: ಸಿಂಪೈ, ಮ್ಯಾಕ್ಸಿಮಾ, ಮ್ಯಾಥಮ್ಯಾಟಿಕಾ

ಟೂಲ್‌ಗಳಿಗೆ ತಾನೇ ಆದೇಶ ಕಳಿಸಿ ಕೆಲಸ ಮಾಡುವ ಎಐ ಪ್ರೋಗ್ರಾಂ ಅಂದರೆ ಏಜೆಂಟ್. ಅದಕ್ಕೆ ಬೀಜಗಣಿತ ಮಾಡಿಕೊಡಲು ಸಿಂಪೈ (ಪೈಥಾನ್ ಲೈಬ್ರರಿ), ಮ್ಯಾಕ್ಸಿಮಾ (ಉಚಿತ ಪ್ರೋಗ್ರಾಂ), ಮ್ಯಾಥಮ್ಯಾಟಿಕಾ (ಲೈಸೆನ್ಸ್ ಕೊಳ್ಳಬೇಕಾದದ್ದು) ಇವುಗಳಲ್ಲಿ ಯಾವುದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಿಂಪೈಗೆ. ಮೂರರಲ್ಲಿ ಗಣಿತದಲ್ಲಿ ಅದೇ ಗಟ್ಟಿ ಅಂತಲ್ಲ. ಏಜೆಂಟ್‌ಗೆ ಬರೆದುಕೊಡಬೇಕಾದ ಬಳಕೆಯ ಟಿಪ್ಪಣಿ ಅರ್ಧ ಪುಟಕ್ಕೆ ಮುಗಿಯುತ್ತದೆ, ಅಷ್ಟೇ ಕಾರಣ. ಮ್ಯಾಕ್ಸಿಮಾದ ಟಿಪ್ಪಣಿಗೆ ಎಷ್ಟು ತೇಪೆ ಹಚ್ಚಿದರೂ ಇನ್ನೊಂದು ಬೇಕಾಗುತ್ತದೆ.

ಮೂರನ್ನೂ ತೂಗಲು ಒಂದೇ ಲೆಕ್ಕ ಸಾಕು: ಎಕ್ಸ್‌ನ ಎನ್ ಘಾತವನ್ನು ಎಕ್ಸ್ ಮೇಲೆ ಅನುಕಲನ (ಇಂಟಿಗ್ರೇಶನ್) ಮಾಡಿಸಿ. ಎನ್ ಬೆಲೆ -1 ಆದರೆ ಉತ್ತರ ಲಾಗ್, ಇಲ್ಲದಿದ್ದರೆ ಘಾತದ ಸೂತ್ರ. ಸಿಂಪೈ ಎರಡನ್ನೂ ಷರತ್ತಿನ ಸಮೇತ ‘ಪೀಸ್‌ವೈಸ್’ ಆಗಿ, ಅಂದರೆ ಯಾವ ಷರತ್ತಿಗೆ ಯಾವ ಸೂತ್ರ ಎಂದು ವಿಂಗಡಿಸಿ, ಕೊಡುತ್ತದೆ. ಮ್ಯಾಥಮ್ಯಾಟಿಕಾ ಘಾತದ ಸೂತ್ರವನ್ನಷ್ಟೇ ಕೊಟ್ಟು ಸುಮ್ಮನಾಗುತ್ತದೆ. ಮ್ಯಾಕ್ಸಿಮಾ ಉತ್ತರ ಕೊಡುವ ಬದಲು ನಮ್ಮನ್ನೇ ಕೇಳುತ್ತದೆ: ಎನ್ ಎಂಬುದು -1ಕ್ಕೆ ಸಮವೇ?

ಕೀಬೋರ್ಡ್ ಮುಂದೆ ಮನುಷ್ಯ ಕೂತಿದ್ದರೆ ಇದು ಒಳ್ಳೆಯ ಗುಣವೇ. ಮ್ಯಾಕ್ಸಿಮಾದ ಪೂರ್ವಜ ಮ್ಯಾಕ್‌ಸೈಮಾ 1960ರ ದಶಕದ ಕೊನೆಗೆ ಎಂಐಟಿಯಲ್ಲಿ ಹುಟ್ಟಿದಾಗ ಎದುರಿಗಿದ್ದದ್ದು ಮನುಷ್ಯರೇ. ಏಜೆಂಟ್ ಪೈಪ್ (ಒಂದು ಪ್ರೋಗ್ರಾಂನ ಸಾಲುಗಳನ್ನು ಇನ್ನೊಂದಕ್ಕೆ ಹರಿಸುವ ದಾರಿ) ಮೂಲಕ ಆದೇಶ ಕಳಿಸುವಾಗ ಇದೇ ಗುಣ ಕುತ್ತಾಗುತ್ತದೆ. ಪೈಪ್ ತೆರೆದಿದ್ದು ಮುಂದಿನ ಸಾಲು ಬರದಿದ್ದರೆ ಪ್ರೋಸೆಸ್ (ಓಡುತ್ತಿರುವ ಮ್ಯಾಕ್ಸಿಮಾ) ಕಾಯುತ್ತಾ ಕೂರುತ್ತದೆ. ಎರರ್ ಇಲ್ಲ, ಔಟ್‌ಪುಟ್ ಇಲ್ಲ. ಮುಂದಿನ ಆದೇಶ ಆಗಲೇ ಪೈಪಿನಲ್ಲಿದ್ದರೆ ಇನ್ನೂ ಕೆಟ್ಟದ್ದು: ಅದನ್ನೇ ತನ್ನ ಪ್ರಶ್ನೆಗೆ ಬಂದ ಉತ್ತರವೆಂದು ಓದಿಕೊಳ್ಳುತ್ತದೆ. ಅಲ್ಲಿಂದಾಚೆ ಏಜೆಂಟ್ ಎಣಿಸಿಕೊಂಡ ಸಾಲುಗಳಿಗೂ ಬಂದ ಉತ್ತರಗಳಿಗೂ ತಾಳೆಯಾಗುವುದಿಲ್ಲ.

ಆದ್ದರಿಂದ ಮ್ಯಾಕ್ಸಿಮಾ ಟಿಪ್ಪಣಿಯಲ್ಲಿ ಇಷ್ಟು ಇರಲೇಬೇಕು. ಲೆಕ್ಕಕ್ಕೆ ಮೊದಲು ಪ್ರತಿ ಅಕ್ಷರಕ್ಕೂ ‘ಅಸ್ಯೂಮ್’ ಮೂಲಕ ಎನ್ ಸೊನ್ನೆಗಿಂತ ದೊಡ್ಡದು ಎಂಬಂಥ ಷರತ್ತು ಕೊಡಬೇಕು. ಷರತ್ತು ಪ್ರಶ್ನೆಯಲ್ಲೇ ಇಲ್ಲದಿದ್ದರೆ ಏಜೆಂಟ್ ತಾನೇ ಊಹಿಸಿ ಹಾಕದೆ ಬಳಕೆದಾರರನ್ನು ಕೇಳಬೇಕು. ‘ಅಸ್ಯೂಮ್’ ಹೇಳಿದ್ದು ಆ ಸೆಶನ್ ಪೂರ್ತಿ ಉಳಿಯುತ್ತದೆ, ಮುಂದಿನ ಲೆಕ್ಕಕ್ಕೂ ಅಂಟುತ್ತದೆ. ಅದನ್ನು ಅಳಿಸುವ ‘ಫರ್ಗೆಟ್’ ನೆನಪಿಟ್ಟು ಹಾಕುವುದಕ್ಕಿಂತ ಪ್ರತಿ ಕರೆಗೂ ಹೊಸ ಪ್ರೋಸೆಸ್ ತೆರೆದು, 30 ಸೆಕೆಂಡಿಗೆ ಕೊಲ್ಲುವುದು ಸುಲಭ. ಸಾಲಿನ ಕೊನೆಗೆ ಸೆಮಿಕೋಲನ್ ಅಥವಾ ಡಾಲರ್ ಚಿಹ್ನೆ ಮರೆತರೂ ಅದೇ ಕಾಯುವಿಕೆ. ಉತ್ತರವನ್ನು ಹಲವು ಸಾಲಿನಲ್ಲಿ ಹರಡಿ ತೋರಿಸುವ ‘ಡಿಸ್‌ಪ್ಲೇ2ಡಿ’ಯನ್ನು ಫಾಲ್ಸ್ ಮಾಡದಿದ್ದರೆ ಘಾತಗಳು ಮೇಲಿನ ಸಾಲಿಗೆ ಹತ್ತಿ, ಏಜೆಂಟ್ ಅವನ್ನು ತಪ್ಪಾಗಿ ಓದುತ್ತದೆ.

ಸಿಂಪೈ ಸಾಧುವೇನಲ್ಲ. ಅದರ ತೊಂದರೆ ಸದ್ದಿಲ್ಲದ್ದು. ಒಂದು ಕರೆಯಲ್ಲಿ ಎಕ್ಸ್‌ಗೆ ‘ಪಾಸಿಟಿವ್’ ಎಂದು ಗುರುತು ಹಾಕಿ, ಇನ್ನೊಂದರಲ್ಲಿ ಗುರುತಿಲ್ಲದೆ ಬರೆದರೆ ಸಿಂಪೈ ಲೆಕ್ಕದಲ್ಲಿ ಅವು ಬೇರೆಬೇರೆ ಚರಗಳು. ಎಕ್ಸ್‌ನಿಂದ ಎಕ್ಸ್ ಕಳೆದರೆ ಸೊನ್ನೆ ಬರುವುದಿಲ್ಲ. ಚರಕ್ಕೆ ಬೆಲೆ ಹಾಕುವ ‘ಸಬ್ಸ್’ ಏನನ್ನೂ ಬದಲಿಸದೆ, ಎರರ್ ಸಹ ಕೊಡದೆ ಹಾಗೇ ವಾಪಸ್ ಬರುತ್ತದೆ. ಮದ್ದು: ಚರಗಳ ಪಟ್ಟಿಯನ್ನು ಒಂದೇ ಕಡೆ ಘೋಷಿಸಿ, ಸ್ಟ್ರಿಂಗನ್ನು (ಬರೆದ ಅಕ್ಷರಸಾಲನ್ನು) ಪದೋಕ್ತಿಯಾಗಿಸುವ ‘ಸಿಂಪಿಫೈ’ಗೆ ‘ಲೋಕಲ್ಸ್’ ಆಗಿ ಪ್ರತಿ ಸಲವೂ ಅದನ್ನೇ ಕೊಡಿ. (‘ಸಿಂಪಿಫೈ’ ಒಳಗೆ, ಬರೆದದ್ದನ್ನು ಕೋಡ್ ಆಗಿಯೇ ನಡೆಸಿಬಿಡುವ ‘ಇವ್ಯಾಲ್’ ಓಡುತ್ತದೆ. ಗೊತ್ತಿಲ್ಲದವರು ಕಳಿಸಿದ ಸ್ಟ್ರಿಂಗ್ ಅದಕ್ಕೆ ಹಾಕಬೇಡಿ.)

ಸಿಂಪೈ ಬಗ್ಗೆ ಉಳಿದದ್ದು ಒಂದೊಂದು ಸಾಲಿನ ಮಾತು. ಪೈಥಾನ್ ಕೋಡಿನಲ್ಲಿ 1/2 ಬರೆದರೆ 0.5 ಆಗುತ್ತದೆ, ‘ರ‍್ಯಾಷನಲ್’ ಬಳಸಿ. ಎರಡು ಸಮಚಿಹ್ನೆ (==) ನೋಡುವುದು ಬರೆದ ರೂಪವನ್ನು, ಬೆಲೆಯನ್ನಲ್ಲ. ಎರಡು ಪದೋಕ್ತಿ ಒಂದೇ ಹೌದೋ ಅಲ್ಲವೋ ತಿಳಿಯಲು ಕಳೆದು ‘ಸಿಂಪ್ಲಿಫೈ’ ಮಾಡಿ. ‘ಸಾಲ್ವ್’ ಒಮ್ಮೆ ಪಟ್ಟಿ, ಒಮ್ಮೆ ಡಿಕ್ಷನರಿ ಕೊಡುತ್ತದೆ, ‘ಡಿಕ್ಟ್’ ಅನ್ನು ಟ್ರೂ ಮಾಡಿಟ್ಟರೆ ಯಾವಾಗಲೂ ಡಿಕ್ಷನರಿಗಳ ಪಟ್ಟಿಯೇ ಬರುತ್ತದೆ.

ಮೂರಕ್ಕೂ ಅನ್ವಯಿಸುವ ಒಂದು ಸಾಲು: ಕೊಟ್ಟ ಅನುಕಲನವೇ ಉತ್ತರವಾಗಿ ವಾಪಸ್ ಬಂದರೆ ಅದು ‘ಸಿಗಲಿಲ್ಲ’ ಎಂದರ್ಥ. ಇದನ್ನು ಟಿಪ್ಪಣಿಯಲ್ಲಿ ಬರೆಯದೆ ಬಿಟ್ಟರೆ ಏಜೆಂಟ್ ಅದನ್ನೇ ಉತ್ತರವೆಂದು ಒಪ್ಪಿಸುತ್ತದೆ.

ಮ್ಯಾಥಮ್ಯಾಟಿಕಾದ ಟಿಪ್ಪಣಿಯೇನೋ ಚಿಕ್ಕದೇ: ಫಂಕ್ಷನ್ ಹೆಸರಿಗೆ ದೊಡ್ಡ ಅಕ್ಷರ, ಚೌಕ ಕಂಸ, ಷರತ್ತು ಕೊಡಲು ‘ಅಸಂಪ್ಶನ್ಸ್’. ಎನ್ ಬೆಲೆ -1 ಆದರೆ ತನ್ನ ಸೂತ್ರ ಬೀಳುತ್ತದೆಂದು ಅದು ಬಾಯಿ ಬಿಡುವುದಿಲ್ಲವಾದ್ದರಿಂದ, ಛೇದ ಸೊನ್ನೆಯಾಗುವ ಬೆಲೆಗಳನ್ನು ಬೇರೆಯಾಗಿ ಪರೀಕ್ಷಿಸು ಎಂಬ ಸಾಲೊಂದು ಸೇರಿಸಿ. ಕಷ್ಟದ ಅನುಕಲನಗಳಲ್ಲಿ ಅದರ ಕೈ ಮೇಲೆ. ಆದರೆ ಲೈಸೆನ್ಸ್‌ಗೆ ದುಡ್ಡು ತೆಗೆದಿಡದ, ಇಡೀ ದಿನ ಪೈಥಾನಿನಲ್ಲೇ ಇರುವ ನನ್ನಂಥವರಿಗೆ ಅದು ದೂರದ ನೆಂಟ.

ಇಡೀ ಮ್ಯಾನುಯಲ್ ಅನ್ನು ಪ್ರಾಂಪ್ಟಿಗೆ (ಏಜೆಂಟ್‌ಗೆ ಕೊಡುವ ಸೂಚನೆಗೆ) ಸುರಿಯಬೇಡಿ. ಪ್ರತಿ ಫಂಕ್ಷನ್‌ಗೆ ಒಂದು ಕಾರ್ಡ್ ಸಾಕು: ಒಳಗೆ ಏನು ಕೊಡಬೇಕು, ಹೊರಗೆ ಯಾವ ಆಕಾರದಲ್ಲಿ ಬರುತ್ತದೆ, ಸೋತರೆ ಹೇಗೆ ಕಾಣುತ್ತದೆ, ಒಂದು ತಪ್ಪು ಉದಾಹರಣೆ ಮತ್ತು ಅದರ ಪಕ್ಕದಲ್ಲೇ ಸರಿಯಾದದ್ದು. ಮ್ಯಾಕ್ಸಿಮಾವನ್ನೂ ಇಟ್ಟುಕೊಳ್ಳಿ, ಸಿಂಪೈ ಕೈಚೆಲ್ಲಿದ ಅನುಕಲನಕ್ಕೆ ಎರಡನೇ ಪ್ರಯತ್ನವಾಗಿ. ಬಂದ ಉತ್ತರವನ್ನು ಸಿಂಪೈಯಲ್ಲೇ ಅವಕಲನ (ಡಿಫರೆನ್ಶಿಯೇಶನ್) ಮಾಡಿಸಿ, ಮೂಲದಿಂದ ಕಳೆದು, ಎರಡು ಮೂರು ಬೆಲೆ ಹಾಕಿ ಸೊನ್ನೆ ಬರುತ್ತದೆಯೇ ನೋಡಿಸಿ.