ಡಂಕೆಲ್ ವಿರೋಧವೋ, ಆರ್‌ಸಿಇಪಿ ವಿರೋಧವೋ: ಯಾವ ದಾರಿ ಹಿಡಿಯಬೇಕು?

ಮುಕ್ತ ವ್ಯಾಪಾರ ಒಪ್ಪಂದಗಳ ವಿರುದ್ಧ ಜನರನ್ನು ಕೂಡಿಸಲು ಹೊರಟವರ ಮುಂದೆ, ನಮ್ಮ ರೈತರೇ ನಡೆದು ತೋರಿಸಿದ ಎರಡು ದಾರಿಗಳಿವೆ.

ರೈತ ಸಂಘದ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರದು, ಒಪ್ಪಂದವೇ ಬೇಡ ಎಂಬ ದಾರಿ. ಆಗ ಎದುರಿಗಿದ್ದದ್ದು ಡಂಕೆಲ್ ಕರಡು, ಅಂದರೆ ವಿಶ್ವ ವ್ಯಾಪಾರ ಒಪ್ಪಂದದ ಕರಡು. 1992ರ ಡಿಸೆಂಬರಿನಲ್ಲಿ ರೈತ ಸಂಘದವರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ, ಕಡತಗಳನ್ನು ಬೀದಿಗೆಸೆದು ಸುಟ್ಟರು. ಆದರೂ 1994ರಲ್ಲಿ ಭಾರತ ಆ ಒಪ್ಪಂದಕ್ಕೆ ಸಹಿ ಹಾಕಿತು. ಹಾಗೆಂದು ಅವರು ಸೋತರೆನ್ನಲು ನನಗೆ ಮನಸ್ಸಿಲ್ಲ. ಬೀಜ ಯಾರದು ಎಂಬ ಪ್ರಶ್ನೆ ಹೊಲದಿಂದ ಸಂಸತ್ತಿನವರೆಗೆ ಹೋಯಿತು. ಬೀಜ ಉಳಿಸಿಕೊಳ್ಳುವ, ಮರಳಿ ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು 2001ರ ಸಸ್ಯ ತಳಿ ಕಾಯ್ದೆ ರೈತನಿಗೇ ಉಳಿಸಿತು.

ಎರಡನೆಯ ದಾರಿ ಆರ್‌ಸಿಇಪಿ ವಿರೋಧದ್ದು. ಅದು ಚೀನಾ, ನ್ಯೂಜಿಲೆಂಡ್ ಸೇರಿದಂತೆ ಏಷ್ಯಾ-ಪೆಸಿಫಿಕ್ ದೇಶಗಳ ಮುಕ್ತ ವ್ಯಾಪಾರ ಒಪ್ಪಂದ. ಅದರ ವಿರುದ್ಧ 2019ರಲ್ಲಿ ಹಾಲು ಉತ್ಪಾದಕರು ಹಿಡಿದದ್ದು ಒಂದೇ ಎಳೆ. ನ್ಯೂಜಿಲೆಂಡಿನ ಹಾಲಿನ ಪುಡಿ ಅಗ್ಗವಾಗಿ ಬಂದರೆ ನಮ್ಮ ಲೀಟರಿನ ದರ ಏನಾಗುತ್ತದೆ? ನಸುಕಿನಲ್ಲಿ ಕ್ಯಾನು ಹಿಡಿದು ಡೇರಿಯ ಮುಂದೆ ಸಾಲು ನಿಲ್ಲುವ ಹೆಣ್ಣುಮಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಆ ಒಪ್ಪಂದದಿಂದ ಹಿಂದೆ ಸರಿಯಿತು. ಚೀನಾದ ಸರಕಿನ ಭಯವೂ ಅದಕ್ಕೆ ಕಾರಣವಾಗಿತ್ತು, ನಿಜ.

ಬೇಗ ಫಲ ಬೇಕಿದ್ದರೆ ಎರಡನೆಯ ದಾರಿಯೇ ಸರಿ. ಆದರೆ ಅದರ ಕೊರತೆ ದೊಡ್ಡದು: 2025ರ ಬ್ರಿಟನ್ ಒಪ್ಪಂದದಲ್ಲಿ ಹಾಲು ಹೊರಗುಳಿಯಿತು, ಸರ್ಕಾರಿ ಖರೀದಿಯ ಬಾಗಿಲು ಮಾತ್ರ ಬ್ರಿಟನ್ ಕಂಪನಿಗಳಿಗೆ ಹೆಚ್ಚು ಸದ್ದಿಲ್ಲದೆ ತೆರೆಯಿತು. ಅದಕ್ಕೇ ನಾನು ಹಾಲಿನಿಂದ ಮಾತು ಆರಂಭಿಸಿ, ಬೀಜದ ಪ್ರಶ್ನೆಯವರೆಗೆ ಒಯ್ಯುವವರ ಕಡೆಗಿದ್ದೇನೆ.